ಕೈಕುಲುಕಿದ ಮಾತು ಸಾಕೇ? ಬ್ಯಾಂಡ್ ಬಿಟ್ಟು ಲೇಬಲ್ ನಡೆಸಿದ ಕೋರಿ ರಸ್ಕ್ ಮತ್ತು ನಮ್ಮ ಮುಂದಿರುವ ಪ್ರಶ್ನೆ

ಬೇಸ್‌ವಾದಕ_ಬಸವನಗುಡಿ

ಸ್ನೇಹಿತರೇ, ಸ್ವಂತ ರಚನೆಗಳನ್ನು ನುಡಿಸುವ ನಮ್ಮ ಬ್ಯಾಂಡಿನಲ್ಲಿ ಒಂದು ಚರ್ಚೆ ಎದ್ದಿದೆ, ನಿಮ್ಮ ಅಭಿಪ್ರಾಯ ಬೇಕು. ನಮ್ಮ ಡ್ರಮ್ಸ್ ವಾದಕರು ಇನ್ನು ವೇದಿಕೆ ಸಾಕು ಎಂದು ತೀರ್ಮಾನಿಸಿ, ನಮ್ಮದೂ ಸೇರಿದಂತೆ ಪರಿಚಯದ ಕೆಲವು ಬ್ಯಾಂಡುಗಳ ಹಾಡುಗಳನ್ನು ಹೊರತರುವ ಸಣ್ಣ ಲೇಬಲ್ ಶುರುಮಾಡಲು ಹೊರಟಿದ್ದಾರೆ. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಬ್ಯಾಂಡಿಗೆ, ಅರ್ಧ ಲೇಬಲ್ಲಿಗೆ ಎಂಬುದು ಅವರ ಸೂತ್ರ. ಇದಕ್ಕೆ ಕಾಗದಪತ್ರ ಬೇಡ, ಸ್ನೇಹಿತರ ನಡುವೆ ಮಾತು ಸಾಕು ಎನ್ನುತ್ತಾರೆ.

ಅವರು ಆದರ್ಶವಾಗಿ ತೋರಿಸುವುದು ಕೋರಿ ರಸ್ಕ್ ಅವರನ್ನು. ರಸ್ಕ್ ಅವರು ಅಮೆರಿಕದ ಒಹಾಯೊ ರಾಜ್ಯದ ನೆಕ್ರೋಸ್ ಎಂಬ ಪಂಕ್ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದವರು. ಮಿಶಿಗನ್‌ನಲ್ಲಿ 1979ರಲ್ಲಿ ಹವ್ಯಾಸಿಗಳ ಕಿರುಪತ್ರಿಕೆಯಾಗಿ ಹುಟ್ಟಿದ ಟಚ್ ಆಂಡ್ ಗೋ, 1981ರಲ್ಲಿ ನೆಕ್ರೋಸ್‌ನ ಮುದ್ರಿಕೆಯೊಂದಿಗೆ ಲೇಬಲ್ ಆಯಿತು. ಮುಂದೆ ಅದರ ಹೊಣೆ ರಸ್ಕ್ ಅವರ ಹೆಗಲಿಗೆ ಬಂದಿತು. ಅವರು ಬ್ಯಾಂಡ್ ತೊರೆದು ಡೆಟ್ರಾಯಿಟ್‌ನಲ್ಲಿ ಸಭಾಂಗಣವೊಂದನ್ನು ನಡೆಸಿ, ಆಮೇಲೆ ಶಿಕಾಗೊದಲ್ಲಿ ನೆಲೆ ನಿಂತರು. ಬಿಗ್ ಬ್ಲ್ಯಾಕ್, ಜೀಸಸ್ ಲಿಜರ್ಡ್, ಸ್ಲಿಂಟ್‌ನಂಥ ಬ್ಯಾಂಡುಗಳ ದನಿ ಲೋಕಕ್ಕೆ ಕೇಳಿಸಿದ್ದು ಆ ಲೇಬಲ್ಲಿನಿಂದಲೇ. ಎಲ್ಲವೂ ಅರ್ಧ-ಅರ್ಧ, ಎಲ್ಲವೂ ಬಾಯಿಮಾತು.

ನನ್ನ ಪ್ರಶ್ನೆ ಎರಡು. ಈ ದಾರಿ ನಮಗೆ ಸರಿಯೇ? ಲೇಬಲ್ ನಡೆಸುವವರು ವಾದ್ಯವನ್ನು ಕೆಳಗಿಡಲೇಬೇಕೇ? ಅವರ ಕೈಯಲ್ಲಿರುವ ತಾಳ ಬೇರೆ ಯಾರಲ್ಲೂ ಇಲ್ಲ ಎಂಬ ಸಂಕಟವೂ ನನಗಿದೆ.

ಧಾರವಾಡದ_ಕೇಳುಗ

ಕಾಗದ ಬೇಕೇ ಬೇಕು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ತಂತಿ_ತಾಳ

ಅಷ್ಟು ಬೇಗ ಮುಗಿಸಬೇಡಿ, ಕೇಳುಗರೇ. ಕಾಗದ ಇದ್ದ ಮಾತ್ರಕ್ಕೆ ಸಂಗೀತಗಾರನಿಗೆ ನ್ಯಾಯ ಸಿಗುತ್ತದೆ ಎಂದು ನಂಬುವವರು ಸ್ಟೀವ್ ಆಲ್ಬಿನಿ ಅವರು 1993ರಲ್ಲಿ ‘ದಿ ಬ್ಯಾಫ್ಲರ್’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಒಮ್ಮೆ ಓದಬೇಕು. ಆಲ್ಬಿನಿ ಬಿಗ್ ಬ್ಲ್ಯಾಕ್‌ನ ಗಿಟಾರ್ ವಾದಕರಾಗಿ ಟಚ್ ಆಂಡ್ ಗೋ ಜೊತೆ ಕೆಲಸ ಮಾಡಿದ್ದವರು. ದೊಡ್ಡ ಕಂಪನಿಯೊಂದಿಗೆ ವಕೀಲರ ಸಮ್ಮುಖದಲ್ಲಿ ಸಹಿ ಹಾಕಿದ ಒಂದು ಕಾಲ್ಪನಿಕ ಬ್ಯಾಂಡಿನ ಜಮಾಖರ್ಚನ್ನು ಅಲ್ಲಿ ಸಾಲುಸಾಲಾಗಿ ಇಟ್ಟಿದ್ದಾರೆ. ಎರಡೂವರೆ ಲಕ್ಷ ಪ್ರತಿಗಳು ಮಾರಾಟವಾಗುತ್ತವೆ, ಕಂಪನಿಗೆ 7,10,000 ಡಾಲರ್ ಲಾಭ ಉಳಿಯುತ್ತದೆ. ನುಡಿಸಿದವರಿಗೆ ತಲೆಗೆ 4,031 ಡಾಲರ್ ಸಿಗುತ್ತದೆ. ಮುಂಗಡ, ಸ್ಟುಡಿಯೋ, ವಿಡಿಯೊ, ಪ್ರವಾಸ, ವ್ಯವಸ್ಥಾಪಕರ ಪಾಲು, ಎಲ್ಲವನ್ನೂ ಬ್ಯಾಂಡಿನ ರಾಯಲ್ಟಿಯಿಂದಲೇ ಮುರಿದುಕೊಳ್ಳುವ ಆ ಲೆಕ್ಕ ನಡೆಯುವುದು ಕಾಗದದ ಬಲದಿಂದಲೇ.

ಇದರ ಎದುರಿಗೆ ರಸ್ಕ್ ಅವರ ಸೂತ್ರವನ್ನು ಇಟ್ಟು ನೋಡಿ. ತಯಾರಿಕೆ ಮತ್ತು ಪ್ರಚಾರದ ವೆಚ್ಚ ಹುಟ್ಟಿದ ಮೇಲೆ ಬರುವ ಪ್ರತಿ ರೂಪಾಯಿಯಲ್ಲಿ ಎಂಟಾಣೆ ಬ್ಯಾಂಡಿನದು. ಸ್ವತಃ ವ್ಯಾನಿನಲ್ಲಿ ಮಲಗಿ ಊರೂರು ಸುತ್ತಿ ನುಡಿಸಿದವರಿಗೆ ಮಾತ್ರ ಇಂಥ ಹಂಚಿಕೆ ಸಹಜವಾಗಿ ತೋಚುತ್ತದೆ ಎಂಬುದು ನನ್ನ ನಂಬಿಕೆ. ಆದ್ದರಿಂದ ನಿಮ್ಮ ಡ್ರಮ್ಸ್ ವಾದಕರನ್ನು ತಡೆಯಬೇಡಿ.

ವಕೀಲರ_ಕೊಠಡಿ

ತಂತಿ_ತಾಳ ಅವರೇ, ಹಂಚಿಕೆಯ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನೀವು ಹೇಳಿದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಟಚ್ ಆಂಡ್ ಗೋ ಹೊರತಂದ ಬ್ಯಾಂಡುಗಳಲ್ಲಿ ಟೆಕ್ಸಸ್‌ನ ಬಟ್‌ಹೋಲ್ ಸರ್ಫರ್ಸ್ ಕೂಡ ಒಂದು. ಅವರು ಮುಂದೆ ಕ್ಯಾಪಿಟಲ್ ಎಂಬ ದೊಡ್ಡ ಕಂಪನಿಗೆ ಹೋದರು. ಹಳೆಯ ಆಲ್ಬಮ್‌ಗಳು ರಸ್ಕ್ ಅವರ ಬಳಿಯೇ ಉಳಿದವು, ಅರ್ಧ-ಅರ್ಧ ನಡೆದುಕೊಂಡು ಬಂದಿತು. 1990ರ ದಶಕದ ನಡುವೆ ಬ್ಯಾಂಡ್ ಹೆಚ್ಚಿನ ಪಾಲು ಕೇಳಿತು, ರಸ್ಕ್ ಒಪ್ಪಲಿಲ್ಲ. ಬ್ಯಾಂಡ್ ಒಪ್ಪಂದ ಮುರಿದಿದ್ದೇವೆ ಎಂದು ತಿಳಿಸಿತು, ಲೇಬಲ್ ಮಾರಾಟ ಮುಂದುವರಿಸಿತು, ವಿಷಯ ಶಿಕಾಗೊದ ನ್ಯಾಯಾಲಯಕ್ಕೆ ಹೋಯಿತು. 1999ರಲ್ಲಿ ಏಳನೆಯ ಸರ್ಕಿಟ್‌ನ, ಅಂದರೆ ಶಿಕಾಗೊ ಇರುವ ವಲಯದ, ಮೇಲ್ಮನವಿ ನ್ಯಾಯಾಲಯ ಬ್ಯಾಂಡಿನ ಪರವಾಗಿಯೇ ತೀರ್ಪು ನೀಡಿತು.

ಬೇಸ್‌ವಾದಕರೇ, ನಿಮ್ಮ ಗೆಳೆಯರು ಆದರ್ಶ ಎನ್ನುವ ಲೇಬಲ್ಲು ಸೋತದ್ದು ಅದೇ ಬಾಯಿಮಾತಿನಿಂದ ಎಂಬುದನ್ನು ಅವರಿಗೆ ಹೇಳಿ.

ಧಾರವಾಡದ_ಕೇಳುಗ

ನಾನು ಹೇಳಿದ್ದೂ ಅದನ್ನೇ. ಬಾಯಿಮಾತಿನ ಕರಾರು ಕರಾರೇ ಅಲ್ಲ ಎಂದು ನ್ಯಾಯಾಲಯವೇ ಹೇಳಿದೆಯಲ್ಲ.

ವಕೀಲರ_ಕೊಠಡಿ

ಇಲ್ಲ ಸರ್, ಹಾಗೆ ಹೇಳಲಿಲ್ಲ, ಇದನ್ನು ತಿದ್ದಲೇಬೇಕು. ಅಮೆರಿಕದ ಕಾನೂನಿನಲ್ಲಿ ಹಕ್ಕನ್ನು ಒಬ್ಬರಿಗೇ ಸಂಪೂರ್ಣವಾಗಿ ವಹಿಸಿಕೊಡಲು ಬರಹ ಬೇಕು. ಬರಿಯ ಪರವಾನಗಿಯನ್ನು ಬಾಯಿಮಾತಿನಲ್ಲೂ ಕೊಡಬಹುದು. ಆದ್ದರಿಂದ ಆ ಕರಾರು ಇದ್ದಷ್ಟು ಕಾಲ ಊರ್ಜಿತವಾಗಿಯೇ ಇತ್ತು. ಪ್ರಶ್ನೆ ಬಂದದ್ದು ಅದರ ಅವಧಿಯ ಬಗ್ಗೆ. ಎಷ್ಟು ವರ್ಷ ಎಂದು ಯಾರೂ ಮಾತಾಡಿಕೊಂಡಿರಲಿಲ್ಲ. ಅಲ್ಲಿನ ಕಾಯ್ದೆಯ 203ನೆಯ ಸೆಕ್ಷನ್ ಪ್ರಕಾರ, ಕೊಟ್ಟ ಹಕ್ಕನ್ನು 35 ವರ್ಷಗಳ ನಂತರ ಕರ್ತೃಗಳು ಹಿಂಪಡೆಯಬಹುದು. ಅವಧಿ ಹೇಳದ ಒಪ್ಪಂದವನ್ನು ಆ 35 ವರ್ಷಕ್ಕೆ ಮೊದಲು ಮುರಿಯುವಂತಿಲ್ಲ ಎಂದು ಲೇಬಲ್ ವಾದಿಸಿತು. ಅದನ್ನು ನ್ಯಾಯಾಲಯ ಒಪ್ಪದೆ, ಇಲಿನಾಯ್ ರಾಜ್ಯದ ಕರಾರು ಕಾನೂನಿನಂತೆ ಅವಧಿಯಿಲ್ಲದ ಒಪ್ಪಂದವನ್ನು ಯಾವ ಪಕ್ಷ ಬೇಕಾದರೂ ಕೊನೆಗೊಳಿಸಬಹುದು ಎಂದು ತೀರ್ಮಾನಿಸಿತು.

ಕರಾರು ಹೇಗೆ ಮುಗಿಯಬೇಕು ಎಂಬ ಒಂದೇ ಒಂದು ಸಾಲು ಇದ್ದಿದ್ದರೂ ಆ ದಾವೆಗೆ ಆಸ್ಪದವೇ ಇರುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಉಣ್ಣುವ ಕಾಲದಲ್ಲೇ ಹಿರಿಯರು ಪಾಲುಪಟ್ಟಿ ಬರೆಸಿಡುತ್ತಿದ್ದುದು ಇದೇ ಕಾರಣಕ್ಕೆ.

ಶಿಕಾಗೊ_ಕನ್ನಡಿಗ

ಈ ಊರಿನಲ್ಲಿ ನೆಲೆಸಿರುವವನಾಗಿ ಒಂದು ಮಾತು ಸೇರಿಸುತ್ತೇನೆ. ಆ ತೀರ್ಪು ಬಂದಾಗ ಇಲ್ಲಿನ ಸ್ವತಂತ್ರ ಸಂಗೀತದ ವಲಯದಲ್ಲಿ ಬಹಳಷ್ಟು ಜನರ ಸಹಾನುಭೂತಿ ಲೇಬಲ್ ಕಡೆಗೇ ಇತ್ತು, ಏಕೆಂದರೆ ಹೊತ್ತಿಗೆ ಸರಿಯಾಗಿ ದುಡ್ಡು ಕೊಡುವ ಲೇಬಲ್ ಎಂಬ ಹೆಸರನ್ನು ಟಚ್ ಆಂಡ್ ಗೋ ಸಂಪಾದಿಸಿಕೊಂಡಿತ್ತು. 2006ರ ಸೆಪ್ಟೆಂಬರಿನಲ್ಲಿ ಲೇಬಲ್ಲಿಗೆ 25 ವರ್ಷ ತುಂಬಿದ ಹಬ್ಬವನ್ನು ಹೈಡೌಟ್ ಎಂಬ ಪುಟ್ಟ ಬಾರ್‌ನ ಪಕ್ಕದ ಬಯಲಿನಲ್ಲಿ ನಡೆಸಿದಾಗ, ಎಂದೋ ಚದುರಿಹೋಗಿದ್ದ ಬಿಗ್ ಬ್ಲ್ಯಾಕ್ ಕೂಡ ಕೆಲವು ಹಾಡುಗಳಿಗಾಗಿ ಮತ್ತೆ ಒಂದಾಯಿತು. ಮುರಿದುಹೋದ ಬ್ಯಾಂಡನ್ನು ಲೇಬಲ್ಲಿನ ಮೇಲಿನ ಪ್ರೀತಿ ವೇದಿಕೆಗೆ ಎಳೆದು ತರುವುದೆಂದರೆ ಸಣ್ಣ ಸಂಗತಿಯಲ್ಲ.

ದಾವೆ ಗೆದ್ದವರ ಕಥೆಯನ್ನೂ ಹೇಳಬೇಕು. ಬಟ್‌ಹೋಲ್ ಸರ್ಫರ್ಸ್ ಆ ಹಳೆಯ ಆಲ್ಬಮ್‌ಗಳನ್ನು ಮರುಬಿಡುಗಡೆ ಮಾಡಿದ್ದು ತಮ್ಮದೇ ಲೇಬಲ್ ಕಟ್ಟಿಕೊಂಡು. ಒಂದರ್ಥದಲ್ಲಿ ಅವರೂ ರಸ್ಕ್ ನಡೆದ ದಾರಿಗೇ ಬಂದರು.

ಹಳೆಯ_ಕ್ಯಾಸೆಟ್

ಕ್ಷಮಿಸಿ, ಚರ್ಚೆ ಅಮೆರಿಕದಲ್ಲೇ ಸುತ್ತುತ್ತಿದೆ. ನಮ್ಮವರೇ ಆದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಹೊರಬಂದದ್ದು ಯಾರಿಂದ ಎಂದು ನೆನಪಿದೆಯೇ? ವಿಶಾಲ್-ಶೇಖರ್ ಜೋಡಿ ಶುರುಮಾಡಿದ ಕೌಂಟರ್ ಕಲ್ಚರ್ ರೆಕಾರ್ಡ್ಸ್‌ನಿಂದ. ಅವರಲ್ಲಿ ವಿಶಾಲ್ ದದ್ಲಾನಿ ಮುಂಬೈಯ ಪೆಂಟಗ್ರಾಮ್ ಎಂಬ ರಾಕ್ ಬ್ಯಾಂಡಿನ ಗಾಯಕರು. ಷರೀಫರ ತತ್ತ್ವಪದವನ್ನು ರಾಕ್ ಕೇಳುವ ಹುಡುಗರ ಕಿವಿಗೆ ಮುಟ್ಟಿಸಿದ ಆಲ್ಬಮ್ ಅದು. ಬ್ಯಾಂಡಿನಲ್ಲಿದ್ದವರಿಗೆ ಲೇಬಲ್ ಇದ್ದರೆ ಇನ್ನೊಂದು ಬ್ಯಾಂಡಿನ ಬೆಲೆ ತಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಮಲೆನಾಡಿನ_ಮಳೆ

ಆ ಆಲ್ಬಮ್ ಈಗ ಡಿಸ್ಕ್ ರೂಪದಲ್ಲಿ ಎಲ್ಲಾದರೂ ಸಿಗುತ್ತದೆಯೇ? ನನ್ನ ಪ್ರತಿಯನ್ನು ಯಾರೋ ಒಯ್ದವರು ಹಿಂದಿರುಗಿಸಲಿಲ್ಲ.

ಹಳೆಯ_ಕ್ಯಾಸೆಟ್

ಹಳೆಯ ಡಿಸ್ಕ್ ಮಾರುವ ಅಂಗಡಿಗಳಲ್ಲಿ ವಿಚಾರಿಸಿ ನೋಡಿ. ಮತ್ತೆ ವಿಷಯಕ್ಕೆ ಬರೋಣ.

ತಂತಿ_ತಾಳ

ವಕೀಲರು ಹೇಳಿದ್ದನ್ನು ಓದಿಯೂ ನಾನು ನನ್ನ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ. ವಾಷಿಂಗ್ಟನ್‌ನ ಡಿಸ್ಕಾರ್ಡ್ ಲೇಬಲ್ಲನ್ನು ನೋಡಿ. ಟೀನ್ ಐಡಲ್ಸ್ ಎಂಬ ಬ್ಯಾಂಡ್ ಚದುರಿದಾಗ ಕಾರ್ಯಕ್ರಮಗಳಿಂದ ಕೂಡಿಟ್ಟ ಹಣವನ್ನು ಹಂಚಿಕೊಳ್ಳುವ ಬದಲು, ತಮ್ಮ ಹಾಡುಗಳ ಪುಟ್ಟ ಮುದ್ರಿಕೆ ತರಲು ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್ 1980ರಲ್ಲಿ ಅದನ್ನು ಆರಂಭಿಸಿದರು. ಹೊದಿಕೆಯನ್ನು ಕೈಯಾರೆ ಕತ್ತರಿಸಿ, ಮಡಿಸಿ, ಅಂಟಿಸಿದ ಹುಡುಗರು ಅವರು. ಲಿಖಿತ ಒಪ್ಪಂದವಿಲ್ಲದೆಯೇ ಆ ಲೇಬಲ್ ನಾಲ್ಕು ದಶಕ ದಾಟಿದೆ. ಮೆಕಾಯ್ ಅವರು ಮೊದಲು ಮೈನರ್ ಥ್ರೆಟ್‌ನಲ್ಲಿ, ಆಮೇಲೆ ಫುಗಾಜಿಯಲ್ಲಿ ಹಾಡುತ್ತ, ನುಡಿಸುತ್ತಲೇ ಅದನ್ನು ನಡೆಸಿದರು. ಬೇಸ್‌ವಾದಕರೇ, ನಿಮ್ಮ ಎರಡನೆಯ ಪ್ರಶ್ನೆಗೂ ಇಲ್ಲಿ ಉತ್ತರವಿದೆ: ವಾದ್ಯ ಕೆಳಗಿಡಬೇಕಾಗಿಲ್ಲ.

ಶಿಕಾಗೊ_ಕನ್ನಡಿಗ

ಡಿಸ್ಕಾರ್ಡ್ ಉದಾಹರಣೆಯಲ್ಲಿ ಒಂದು ಮುಖ್ಯ ಅಂಶವನ್ನು ನೀವು ಬಿಟ್ಟಿದ್ದೀರಿ. ಅವರು ಹೊರತಂದದ್ದು ವಾಷಿಂಗ್ಟನ್ ಮತ್ತು ಅದರ ಆಸುಪಾಸಿನ ಬ್ಯಾಂಡುಗಳನ್ನು. ಅಲ್ಲಿ ಲೇಬಲ್ ನಡೆಸುವವರೂ ಬ್ಯಾಂಡಿನವರೂ ಒಂದೇ ಬೀದಿಯವರು, ಒಂದೇ ಕಾರ್ಯಕ್ರಮಕ್ಕೆ ಹೋಗುವವರು. ಹಣ ತಡವಾದರೆ ಎದುರಿಗೇ ಸಿಕ್ಕು ಕೇಳಬಹುದು. ಟಚ್ ಆಂಡ್ ಗೋ ಶಿಕಾಗೊದಲ್ಲಿತ್ತು, ಸರ್ಫರ್ಸ್ ಟೆಕ್ಸಸ್‌ನಲ್ಲಿದ್ದರು. ಅಷ್ಟು ದೂರದಲ್ಲಿ, ಅದರಲ್ಲೂ ಒಂದು ಬ್ಯಾಂಡ್ ದೊಡ್ಡ ಕಂಪನಿಯ ಪಾಲಾಗಿ ವಕೀಲರ ಬಾಯಿಂದ ಮಾತಾಡಲು ತೊಡಗಿದ ಮೇಲೆ, ಹಳೆಯ ಮಾತಿಗೆ ಸಾಕ್ಷಿಯಾಗಿ ಉಳಿಯುವುದು ಇಬ್ಬರ ನೆನಪು ಮಾತ್ರ, ಮತ್ತು ಆ ಎರಡು ನೆನಪುಗಳು ಒಂದೇ ಆಗಿರುವುದಿಲ್ಲ.

ಲೆಕ್ಕಿಗ

ಕಾಗದ ಇರಲಿ, ಇಲ್ಲದಿರಲಿ, ಲೇಬಲ್ಲುಗಳು ಸಾಯುವುದು ಬಹುತೇಕ ಲೆಕ್ಕದ ಪುಸ್ತಕದಲ್ಲಿ. ಈ ಚರ್ಚೆಯಲ್ಲಿ ಅದನ್ನು ಯಾರೂ ಎತ್ತದಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರೆಕಾರ್ಡ್ ಅಥವಾ ಡಿಸ್ಕ್ ಮುದ್ರಿಸುವ ಕಾರ್ಖಾನೆ ಮುಂಗಡ ಕೇಳುತ್ತದೆ. ವಿತರಕರು ಸರಕನ್ನು ಒಯ್ದು ಅಂಗಡಿಗಳಿಗೆ ಹಾಕುತ್ತಾರೆ, ಮಾರಾಟವಾದದ್ದಕ್ಕೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ತಿಂಗಳ ನಂತರ ಹಣ ಕೊಡುತ್ತಾರೆ, ಮಾರಾಟವಾಗದ್ದನ್ನು ಹಿಂದಕ್ಕೆ ಕಳಿಸುತ್ತಾರೆ. ಒಂದು ಆಲ್ಬಮ್ ಜನಪ್ರಿಯವಾದರೆ, ಹಿಂದಿನ ಕಂತಿನ ಹಣ ಬರುವ ಮೊದಲೇ ಮುಂದಿನ ಕಂತನ್ನು ಮುದ್ರಿಸಬೇಕಾಗುತ್ತದೆ. ಗೆಲುವೇ ಲೇಬಲ್ಲಿನ ಕೈ ಬರಿದಾಗಿಸುವುದು ಹೀಗೆ. ಆ ಹೊತ್ತಿನಲ್ಲಿ ನಡೆಸುವವರ ಕೈಗೆ ಎಟುಕುವ ಹಣ ಯಾವುದು? ಬ್ಯಾಂಡುಗಳಿಗೆ ಇನ್ನೂ ಕೊಡದೆ ಖಾತೆಯಲ್ಲಿ ಉಳಿದಿರುವ ರಾಯಲ್ಟಿ. ‘ಈ ತಿಂಗಳು ಬಳಸಿಕೊಳ್ಳೋಣ, ಮುಂದಿನ ತಿಂಗಳು ಕೊಟ್ಟರಾಯಿತು’ ಎಂಬ ಯೋಚನೆ ಅಲ್ಲಿ ಹುಟ್ಟುತ್ತದೆ.

ಲುಕೌಟ್ ರೆಕಾರ್ಡ್ಸ್‌ನ ಇತಿಹಾಸವನ್ನು ಇದಕ್ಕೆ ಹೊಂದಿಸಿ ನೋಡಿ. ಲುಕೌಟ್ಸ್ ಬ್ಯಾಂಡಿನ ಲ್ಯಾರಿ ಲಿವರ್ಮೋರ್ ಅದನ್ನು 1987ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದವರಲ್ಲೊಬ್ಬರು. ಗ್ರೀನ್ ಡೇ ಬ್ಯಾಂಡಿನ ಮೊದಲ ಎರಡು ಆಲ್ಬಮ್‌ಗಳು ಅಲ್ಲಿಂದ ಬಂದವು. ಆ ಬ್ಯಾಂಡ್ 1994ರಲ್ಲಿ ದೊಡ್ಡ ಕಂಪನಿಯ ಮೂಲಕ ಜಗತ್ತಿಗೆಲ್ಲ ಪರಿಚಯವಾದ ಮೇಲೆ ಹಳೆಯ ಆಲ್ಬಮ್‌ಗಳಿಗೂ ಬೇಡಿಕೆ ಉಕ್ಕಿತು. ಲಿವರ್ಮೋರ್ 1997ರಲ್ಲಿ ಹೊರನಡೆದರು. ಮುಂದೆ ರಾಯಲ್ಟಿ ಬಾಕಿ ಬಿದ್ದು, 2005ರಲ್ಲಿ ಗ್ರೀನ್ ಡೇ ತನ್ನ ಮಾಸ್ಟರ್‌ಗಳನ್ನು, ಅಂದರೆ ಮೂಲ ಧ್ವನಿಮುದ್ರಣಗಳನ್ನು, ಹಿಂಪಡೆಯಿತು, ಆಧಾರವಾಗಿದ್ದ ಆದಾಯವೇ ಹೋಯಿತು, 2012ರ ಹೊತ್ತಿಗೆ ಲೇಬಲ್ ಬಾಗಿಲು ಮುಚ್ಚಿತು. ಅಲ್ಲಿ ಕೊರತೆಯಾದದ್ದು ಬ್ಯಾಂಡಿನ ಪಾಲನ್ನು ಮುಟ್ಟಬಾರದ ಹಣವೆಂದು ಬೇರೆ ಇಡುವ ಶಿಸ್ತು. ಬೇಸ್‌ವಾದಕರೇ, ನಿಮ್ಮ ಗೆಳೆಯರು ಲೇಬಲ್ಲಿಗೆ ಒಂದೇ ಬ್ಯಾಂಕ್ ಖಾತೆ ತೆರೆಯುತ್ತಾರೋ, ಎರಡನ್ನು ತೆರೆಯುತ್ತಾರೋ ಎಂದು ಕೇಳಿ. ನನಗೆ ಆ ಉತ್ತರ ಕರಾರಿಗಿಂತ ಮುಖ್ಯ.

ಧಾರವಾಡದ_ಕೇಳುಗ

ಲೆಕ್ಕಿಗರ ಮಾತಿಗೆ ನನ್ನ ಪೂರ್ಣ ಬೆಂಬಲ. ನನ್ನ ಸೋದರಳಿಯ ಹಾಡಿದ ಆಲ್ಬಮ್ ಒಂದಕ್ಕೆ ಲೆಕ್ಕಪತ್ರವೇ ಬರಲಿಲ್ಲ. ಕೇಳಿದಾಗಲೆಲ್ಲ ‘ಇನ್ನೂ ಖರ್ಚು ಹುಟ್ಟಿಲ್ಲ’ ಎಂಬ ಉತ್ತರ. ಎಷ್ಟು ಖರ್ಚಾಗಿದೆ ಎಂಬುದನ್ನಾದರೂ ತೋರಿಸಿ ಎಂದರೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ತಂತಿ_ತಾಳ

ಹಾಗಾದರೆ ಗೆಲುವು ಎಲ್ಲ ಲೇಬಲ್ಲುಗಳನ್ನೂ ಮುಳುಗಿಸಬೇಕಿತ್ತಲ್ಲ, ಲೆಕ್ಕಿಗರೇ? ಬ್ಯಾಡ್ ರಿಲಿಜನ್ ಬ್ಯಾಂಡಿನ ಗಿಟಾರ್ ವಾದಕ ಬ್ರೆಟ್ ಗುರೆವಿಟ್ಜ್ ಅವರ ಎಪಿಟಾಫ್ 1994ರಲ್ಲಿ ಆಫ್‌ಸ್ಪ್ರಿಂಗ್ ಬ್ಯಾಂಡಿನ ಆಲ್ಬಮ್ ತಂದಿತು. ಅದು ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು, ಎಪಿಟಾಫ್ ಇಂದಿಗೂ ನಡೆಯುತ್ತಿದೆ.

ಲೆಕ್ಕಿಗ

ನಡೆಯುತ್ತಿದೆ, ನಿಜ. ಅದಕ್ಕೆ ತೆತ್ತ ಬೆಲೆಯನ್ನೂ ಹೇಳಿ. ಅದೇ 1994ರಲ್ಲಿ ಗುರೆವಿಟ್ಜ್ ಬ್ಯಾಡ್ ರಿಲಿಜನ್ ಬಿಟ್ಟರು. ಅತ್ತ ಅವರ ಬ್ಯಾಂಡ್ ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿಗೆ ಹೋಗಿತ್ತು, ಇತ್ತ ಅವರ ಲೇಬಲ್ ಹಿಂದೆಂದೂ ಕಾಣದ ವೇಗದಲ್ಲಿ ಬೆಳೆಯುತ್ತಿತ್ತು. ಅವರು ಬ್ಯಾಂಡಿಗೆ ಮರಳಿದ್ದು 2001ರಲ್ಲಿ. ಆಫ್‌ಸ್ಪ್ರಿಂಗ್ ಕೂಡ ಮುಂದಿನ ಆಲ್ಬಮ್ ಹೊತ್ತಿಗೆ ಕೊಲಂಬಿಯ ಕಂಪನಿಯ ಪಾಲಾಗಿತ್ತು.

ಮಲೆನಾಡಿನ_ಮಳೆ

ವಾದ್ಯ ಕೆಳಗಿಡುವ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಿಲ್ಲ ಎನಿಸುತ್ತದೆ. ನಾನು ಸಂಗೀತಗಾರಳಲ್ಲ, ಬ್ಯಾಂಡುಗಳ ಕಾರ್ಯಕ್ರಮ ಏರ್ಪಡಿಸುವ ತಂಡದಲ್ಲಿ ದುಡಿದವಳು. ನಾನು ಕಂಡಂತೆ, ಇಬ್ಬರು ಹೊಣೆ ಹಂಚಿಕೊಂಡರೆ ನುಡಿಸುವುದೂ ನಡೆಸುವುದೂ ಸಾಧ್ಯ, ಒಬ್ಬರೇ ಆದರೆ ಕಷ್ಟ. ಉತ್ತರ ಕ್ಯಾರೊಲಿನಾದ ಸೂಪರ್‌ಚಂಕ್ ಬ್ಯಾಂಡಿನ ಮ್ಯಾಕ್ ಮೆಕಾಹನ್ ಮತ್ತು ಲಾರಾ ಬಾಲನ್ಸ್ 1989ರಲ್ಲಿ ಮರ್ಜ್ ಲೇಬಲ್ ಕಟ್ಟಿದರು. ಇಬ್ಬರೂ ಬ್ಯಾಂಡಿನಲ್ಲಿದ್ದುಕೊಂಡೇ ಅದನ್ನು ಬೆಳೆಸಿದರು. ಅವರು ಹೊರತಂದ ಆರ್ಕೇಡ್ ಫೈರ್ ಆಲ್ಬಮ್ 2011ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪಡೆಯಿತು. ಬೇಸ್ ನುಡಿಸುತ್ತಿದ್ದ ಲಾರಾ ಅವರು ಕಿವಿಯ ತೊಂದರೆಯಿಂದ 2013ರ ಹೊತ್ತಿಗೆ ಪ್ರವಾಸ ಕೈಬಿಟ್ಟಾಗಲೂ ಸಂಗೀತದ ನಂಟು ಕಡಿಯಲಿಲ್ಲ, ಲೇಬಲ್ ಇತ್ತು. ವೇದಿಕೆಯಿಂದ ಇಳಿಯುವುದೆಂದರೆ ಸಂಗೀತದಿಂದ ಇಳಿಯುವುದಲ್ಲ. ನಿಮ್ಮ ಡ್ರಮ್ಸ್ ವಾದಕರಿಗೆ ಹಿಂಸೆಯಾಗುವಷ್ಟು ಒತ್ತಾಯ ಮಾಡಬೇಡಿ.

ಶಿಕಾಗೊ_ಕನ್ನಡಿಗ

ಮರ್ಜ್ ಹೆಸರು ಬಂದದ್ದು ಒಳ್ಳೆಯದಾಯಿತು. ಆ ಲೇಬಲ್ಲಿನ ಮುದ್ರಣ ಮತ್ತು ವಿತರಣೆಯನ್ನು ಬಹುಕಾಲ ನೋಡಿಕೊಂಡದ್ದು ಟಚ್ ಆಂಡ್ ಗೋ ಸಂಸ್ಥೆಯೇ. ಡ್ರ್ಯಾಗ್ ಸಿಟಿ, ಕಿಲ್ ರಾಕ್ ಸ್ಟಾರ್ಸ್, ಜೇಡ್ ಟ್ರೀ ಮುಂತಾದ ಲೇಬಲ್ಲುಗಳಿಗೂ ಇದೇ ಆಸರೆಯಿತ್ತು. ಇನ್ನೊಬ್ಬರ ಮುದ್ರಣದ ಖರ್ಚನ್ನು ತಾವು ಭರಿಸಿ, ಮಾರಾಟದಿಂದ ಹಿಂಪಡೆಯುವ ವ್ಯವಸ್ಥೆ ಅದು. ಡಿಸ್ಕ್ ಮಾರಾಟ ಕುಸಿಯುತ್ತಿದ್ದ ಕಾಲದಲ್ಲಿ, 2009ರ ಫೆಬ್ರುವರಿಯಲ್ಲಿ, ಇತರ ಲೇಬಲ್ಲುಗಳಿಗೆ ಈ ಸೇವೆಯನ್ನು ನಿಲ್ಲಿಸುತ್ತಿರುವುದಾಗಿ ರಸ್ಕ್ ಪ್ರಕಟಿಸಿದರು, ಸಿಬ್ಬಂದಿಯಲ್ಲಿ ಬಹಳ ಜನ ಕೆಲಸ ಕಳೆದುಕೊಂಡರು. ಲೇಬಲ್ ಮುಚ್ಚಲಿಲ್ಲ. ಹಳೆಯ ಆಲ್ಬಮ್‌ಗಳನ್ನು ಮುದ್ರಣದಲ್ಲಿ ಉಳಿಸಿಕೊಂಡು ಬಂದಿದೆ, 2014ರಲ್ಲಿ ಸ್ಲಿಂಟ್‌ನ 1991ರ ಆಲ್ಬಮ್ಮನ್ನು ಪೆಟ್ಟಿಗೆಯಲ್ಲಿಟ್ಟ ದೊಡ್ಡ ಸಂಪುಟವಾಗಿ ಮತ್ತೆ ತಂದಿತು. ಎಷ್ಟು ಬೆಳೆಯಬೇಕು ಎನ್ನುವಷ್ಟೇ ಎಲ್ಲಿಗೆ ಕುಗ್ಗಿ ಉಳಿಯಬೇಕು ಎಂಬುದನ್ನೂ ಅರಿತವರು ಎಂದು ನಾನು ಅವರನ್ನು ಗೌರವಿಸುತ್ತೇನೆ.

ಬೇಸ್‌ವಾದಕ_ಬಸವನಗುಡಿ

ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ನಮ್ಮ ಡ್ರಮ್ಸ್ ವಾದಕರಿಗೆ ಓದಿಸಿದೆ. ಎರಡು ಖಾತೆಗಳ ಸಲಹೆಯನ್ನು ಅವರು ಕೂಡಲೇ ಒಪ್ಪಿದರು. ಕರಾರಿನ ಬಗ್ಗೆ ಮಾತ್ರ ‘ಅಮೆರಿಕದ ತೀರ್ಪು ನಮಗೇಕೆ’ ಎಂದು ಕೇಳುತ್ತಿದ್ದಾರೆ. ವಕೀಲರ_ಕೊಠಡಿಯವರೇ, ನಮ್ಮ ದೇಶದಲ್ಲಿ ಹೇಗೆ?

ವಕೀಲರ_ಕೊಠಡಿ

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ, ಹಕ್ಕನ್ನು ವಹಿಸಿಕೊಡುವುದು ಬರಹದಲ್ಲಿದ್ದು ಕೊಡುವವರ ಸಹಿ ಇರದಿದ್ದರೆ ಅದು ಊರ್ಜಿತವೇ ಅಲ್ಲ. ಪರವಾನಗಿಗೂ ಬರಹ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂಬುದನ್ನು ಅದರಲ್ಲಿ ಹೇಳಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆಯೇ ಭಾವಿಸಿಕೊಳ್ಳುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ರೀತಿ ಬರೆದುಕೊಂಡಿಲ್ಲದ ಪಕ್ಷದಲ್ಲಿ, ಅದು ತಾನಾಗಿ ರದ್ದಾಗುತ್ತದೆ. ಆದ್ದರಿಂದ ನಿಮ್ಮ ಗೆಳೆಯರು ಬಯಸುವ ಬಾಯಿಮಾತಿನ ಏರ್ಪಾಡಿಗೆ ಇಲ್ಲಿ ನೆಲೆಯೇ ಇಲ್ಲ. ಬ್ಯಾಂಡಿಗಿಂತ ಹೆಚ್ಚು ನಷ್ಟ ಲೇಬಲ್ಲಿಗೇ ಆಗುತ್ತದೆ ಎಂಬುದನ್ನು ಅವರಿಗೆ ತಿಳಿಸಿ. ಎರಡು ಪುಟದ ಸರಳ ಕನ್ನಡದ ಪತ್ರ ಸಾಕು.

ತಂತಿ_ತಾಳ

ಕಾನೂನೇ ಹಾಗಿದ್ದರೆ ಬರೆಯಲಿ. ಆದರೆ ಕಂಪನಿಗಳ ಐವತ್ತು ಪುಟದ ಕರಾರನ್ನು ನಕಲು ಮಾಡದಿರಲಿ ಎಂಬುದಷ್ಟೇ ನನ್ನ ಆಗ್ರಹ. ಅರ್ಧ-ಅರ್ಧ ಎಂಬುದು ಮೊದಲ ಸಾಲಿನಲ್ಲೇ ಇರಲಿ.

ಬೇಸ್‌ವಾದಕ_ಬಸವನಗುಡಿ

ಇನ್ನೊಂದೇ ಸಂದೇಹ. ಸ್ಟುಡಿಯೋ ಬಾಡಿಗೆಯನ್ನು ನಾವು ಕಾರ್ಯಕ್ರಮಗಳ ಹಣದಿಂದ ಕೊಟ್ಟಿದ್ದೇವೆ, ಮಿಕ್ಸಿಂಗ್ ಖರ್ಚನ್ನು ಡ್ರಮ್ಸ್ ವಾದಕರು ಕೈಯಿಂದ ಹಾಕಿದ್ದಾರೆ. ಮಾಸ್ಟರ್ ಯಾರದು?

ವಕೀಲರ_ಕೊಠಡಿ

ಇದನ್ನು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಿ. ಹಾಡಿನ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಇವು ಮೂರು ಬೇರೆ ಬೇರೆ ಹಕ್ಕುಗಳು. ಮೊದಲೆರಡು ಬರೆದವರ, ಸಂಯೋಜಿಸಿದವರ ಕೈಯಲ್ಲಿರುತ್ತವೆ. ಧ್ವನಿಮುದ್ರಣಕ್ಕೆ ಬಂದರೆ, ಕಾಯ್ದೆಯ ದೃಷ್ಟಿಯಲ್ಲಿ ಅದರ ಕರ್ತೃ ನಿರ್ಮಾಪಕರು. ನಿರ್ಮಾಪಕರೆಂದರೆ ಆ ಕೆಲಸಕ್ಕೆ ಮುಂದಾಗಿ ಹೊಣೆ ಹೊತ್ತವರು. ಈ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ನೀವು ಹೇಳಿದಂತೆ ಖರ್ಚು ಇಬ್ಬರಲ್ಲಿ ಹಂಚಿಹೋಗಿದ್ದರೆ, ನಾಳೆ ಇಬ್ಬರೂ ತಾವೇ ನಿರ್ಮಾಪಕರೆಂದು ಹೇಳಲು ಅವಕಾಶವಿದೆ. ಮಾಸ್ಟರ್ ಬ್ಯಾಂಡಿನದು, ಲೇಬಲ್ಲಿಗೆ ಇಷ್ಟು ವರ್ಷದ ಪರವಾನಗಿ ಎಂದು ಬರೆದು, ಮಿಕ್ಸಿಂಗಿಗೆ ಕೊಟ್ಟ ಹಣವನ್ನು ಲೇಬಲ್ಲಿನ ಖರ್ಚಿನ ಪಟ್ಟಿಗೆ ಸೇರಿಸಿ. ಸ್ಟುಡಿಯೋದ ರಸೀದಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ಇಂದೇ ನೋಡಿ.

ಬೇಸ್‌ವಾದಕ_ಬಸವನಗುಡಿ

ರಸೀದಿ ಬ್ಯಾಂಡಿನ ಹೆಸರಿನಲ್ಲಿದೆ. ಬರುವ ಭಾನುವಾರ ತಾಲೀಮಿಗೆ ಎಲ್ಲರೂ ಸೇರುತ್ತೇವೆ, ಪತ್ರದ ಕರಡನ್ನು ಅಂದೇ ಮುಂದಿಡುತ್ತೇನೆ.

ಲೆಕ್ಕಿಗ

ಲೆಕ್ಕಪತ್ರವನ್ನು ವರ್ಷಕ್ಕೆ ಎರಡು ಸಲ, ಯಾರೂ ಕೇಳದಿದ್ದರೂ, ಮಾರಾಟ ಸೊನ್ನೆಯಿದ್ದರೂ ಎಲ್ಲ ಬ್ಯಾಂಡುಗಳಿಗೂ ಕಳಿಸಬೇಕೆಂಬ ಸಾಲನ್ನು ಆ ಕರಡಿನಲ್ಲಿ ಸೇರಿಸಿ.